ಅಂಗೈಯಲ್ಲಿ ಒಯ್ದ ಉಂಡೆ

ಕಾನ್ವೆಂಟಿನ ಸಿಸ್ಟರುಗಳು ನನಗೆ ಬಾಲ್, ಲಂಪ್, ಪಿಲ್, ಸ್ಫಿಯರ್ ಎಂದು ಬೇರೆ ಬೇರೆ ಕಲಿಸಿದರು. ಸವಣೂರಿನ ನಮ್ಮ ಮನೆಯಲ್ಲಿ ಅವ್ವನಿಗೆ ಎಲ್ಲಕ್ಕೂ ಒಂದೇ ಮಾತು ಸಾಕಾಗಿತ್ತು: ಉಂಡಿ. ನೂಲಿನದು, ಹುಣಸೆಹಣ್ಣಿನದು, ಸೆಗಣಿಯದು, ಪಂಚಮಿಯ ಎಳ್ಳಿನದು. ಗಟ್ಟಿಯಾಗಿ, ದುಂಡಗೆ ಅಂಗೈಯಲ್ಲಿ ಕೂತದ್ದೆಲ್ಲ ಉಂಡಿ. ಚಪ್ಪಟೆಯಾದರೆ ಅಲ್ಲ, ಒಳಗೆ ಪೊಳ್ಳಿದ್ದರೂ ಅಲ್ಲ. ಅವಳು ನೂರು ಕಟ್ಟಿದರೂ ನೂರಕ್ಕೂ ಒಂದೇ ಸೈಜು. "ನಿಮ್ಮ ಕೈಯಾಗ ಅಚ್ಚ ಐತೇನ್ರಿ ಅಕ್ಕಾರ?" ಎಂದು ಓಣಿಯ ಹೆಂಗಸರು ಕೇಳುತ್ತಿದ್ದರು.

ಯುದ್ಧದ ಕಾಲ. ವೆಕೇಷನ್ನಿಗೆ ಬಂದಿದ್ದೆ, ನನಗೆ ಹನ್ನೆರಡು ವರ್ಷ. ರೊಟ್ಟಿ ಬಡಿಯುತ್ತಿದ್ದ ಅವ್ವ ಅಡಿಗೆಮನೆಯ ಬಾಗಿಲು ಮುಂದೆ ಮಾಡಿ, "ಎದಿಯಾಗ ಒಂದ ಉಂಡಿ ಆಗೇತಿ" ಎಂದಳು.

"ಡಾಕ್ಟರಿಗೆ ತೋರಸಬೇಕವ್ವ."

"ಗಂಡಸರ ಮುಂದ ಸೆರಗ ಸರಸೂದೇನ? ಹುಚ್ಚಿ! ನಿಮ್ಮಪ್ಪಗೂ ಹೇಳಿಲ್ಲ."

ಆಮೇಲೆ ನಾದಿದ ಜೋಳದ ಹಿಟ್ಟನ್ನು ಚಿವುಟಿ, ಒಂದು ಕೈ ಸೆರಗಿನೊಳಗೆ ಇಟ್ಟುಕೊಂಡು, ಇನ್ನೊಂದರಲ್ಲಿ ಉಂಡೆ ಕಟ್ಟತೊಡಗಿದಳು. ಮುಟ್ಟಿ ನೋಡಿಕೊಂಡಳು. ಇನ್ನಷ್ಟು ಹಿಟ್ಟು ಸೇರಿಸಿದಳು. ಕೊನೆಗೆ ಅದು ನಿಂಬೆಹಣ್ಣಿನಷ್ಟಾಯಿತು.

"ಇದನ್ನ ಒಯ್ದು ತೋರಸು. ಇಷ್ಟ ಐತಿ, ಕಲ್ಲಿನಂಗ ಐತಿ, ನೋವಿಲ್ಲ ಅನ್ನು. ಇಂಗ್ಲೀಷ ಕಲತಾಕಿ ನೀ, ಅಂಜಬ್ಯಾಡ."

ಅಂಜಿದ್ದೆ. ಅದಕ್ಕೇ ಮುಷ್ಟಿ ಬಿಗಿಯಿತು. ಜೋಳದ ಹಿಟ್ಟಿಗೆ ಜಿಗುಟಿಲ್ಲ. ಬಿಸಿಲಿಗೆ ಆರಿ, ಬಿರಿದು, ವೀಳ್ಯದೆಲೆ ಮಾರುವವರ ಸಾಲಿನ ಹತ್ತಿರ ಅರ್ಧಕ್ಕಿಂತ ಹೆಚ್ಚು ಉದುರಿ ಧೂಳಿಗೆ ಬಿತ್ತು. ವಾಪಸು ಹೋದರೆ ಬೈಯುತ್ತಾಳೆ. ಉಳಿದದ್ದಕ್ಕೆ ಉಗುಳು ಹಚ್ಚಿ ಉರುಳಿಸಿದೆ. ಮತ್ತೆ ದುಂಡಗಾಯಿತು, ಪರ್ಫೆಕ್ಟ್ ಸ್ಫಿಯರ್. ದುಂಡಗಿದ್ದರೆ ಆಯಿತಲ್ಲ ಎಂದುಕೊಂಡೆ.

"ಏನವಾ ಕಾನ್ವೆಂಟ ಬಾಯಿ, ನನಗ ನೈವೇದ್ಯ ತಂದೀಯೇನು?" ಎಂದು ಡಾಕ್ಟರು ನಕ್ಕರು. ಅವ್ವ ಹೇಳಿದ್ದನ್ನು ಒಪ್ಪಿಸಿದೆ. ನಗು ನಿಂತಿತು.

"ನೋಡದ ಏನ ಹೇಳ್ಲಿ? ಕರಕೊಂಡ ಬಾ."

"ಬರೂದಿಲ್ರಿ."

ಅವರು ಅದನ್ನು ಬೆರಳುಗಳ ನಡುವೆ ಬಹಳ ಹೊತ್ತು ಹೊರಳಿಸಿದರು. "ಅಡಕಿಯಷ್ಟ ಐತಿ. ಸದ್ಯ ಶಾಖ ಕೊಡಲಿ. ಇದಕ್ಕಿಂತ ಒಂದ ಎಳ್ಳಿನಷ್ಟ ದೊಡ್ಡದಾದ್ರೂ ತಡಾ ಮಾಡಬ್ಯಾಡ್ರಿ, ದೊಡ್ಡ ದವಾಖಾನಿಗೆ ಹೋಗ್ರಿ ಅಂತ ಹೇಳು."

ಹಾಗೆಯೇ ಹೇಳಿದೆ, ಒಂದು ಶಬ್ದವೂ ತಪ್ಪದೆ. 'ಅಡಕಿಯಷ್ಟ' ಎಂಬುದನ್ನು ಮಾತ್ರ ಬಿಟ್ಟೆ.

ಅವ್ವನ ಮುಖ ಹಗುರಾಯಿತು. "ದಾರ್ಯಾಗ ಒಡೀಲಿಲ್ಲೇನ?"

"ಇಲ್ಲವ್ವ."

ನಾನು ಕಾನ್ವೆಂಟಿಗೆ ಮರಳಿದೆ. ಅವ್ವ ದಿನಾ ಶಾಖ ಕೊಟ್ಟುಕೊಂಡು, ದಿನಾ ಮುಟ್ಟಿ ನೋಡಿಕೊಂಡು, ತಾನು ಕಟ್ಟಿದ ಉಂಡೆಗಿಂತ ದೊಡ್ಡದಾದರೆ ಹೋದರಾಯಿತೆಂದು ಕಾದಳಂತೆ. ಮುಂದಿನ ರಜೆಗೆ ನಾನು ಬರುವಷ್ಟರಲ್ಲಿ ಅದು ಒಡೆದು ಹುಣ್ಣಾಗಿತ್ತು. ವಾಸನೆಯನ್ನು ಸೆರಗು ಮುಚ್ಚಲಿಲ್ಲ. ಅಪ್ಪನಿಗೆ ಗೊತ್ತಾದದ್ದು ಆಗಲೇ.

ದೊಡ್ಡ ಆಸ್ಪತ್ರೆಯ ಬಿಳಿಯ ಲೇಡಿ ಡಾಕ್ಟರಿಗೆ ಕನ್ನಡ ಬಾರದು. ಇಷ್ಟು ತಡವೇಕೆ ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು.

"ಡಾಕ್ಟರು ಶಾಖ ಕೊಡು ಅಂದಿದ್ರು ಅಂತ ಹೇಳವಾ," ಎಂದಳು ಅವ್ವ.

ಹೇಳಿದೆ. ನನ್ನ ಗ್ರಾಮರಿನಲ್ಲಿ ತಪ್ಪಿರಲಿಲ್ಲ. ಆಪರೇಷನ್ನಿನ ವೇಳೆ ಮೀರಿದೆ ಎಂದು ಅವರು ನಮ್ಮನ್ನು ಊರಿಗೆ ಕಳಿಸಿದರು.

ಸಾಯುವ ನಾಲ್ಕು ದಿನ ಮೊದಲು, ಮಧ್ಯಾಹ್ನ, ಅವ್ವನ ಮುಂದೆ ಮೆತ್ತಗಿನ ಅನ್ನ ಇಟ್ಟಿದ್ದೆ. ತಿನ್ನಲಿಲ್ಲ. ಅನ್ನ ತೆಗೆದು ಉಂಡೆ ಕಟ್ಟಿದಳು. ಕೈ ಕಡ್ಡಿಯಾಗಿತ್ತು, ಅಳತೆ ತಪ್ಪಿರಲಿಲ್ಲ. ಅದೇ ನಿಂಬೆಹಣ್ಣು.

"ಆವತ್ತ ನೀ ತೋರಿಸಿದ್ದು ಇಷ್ಟ ಇತ್ತಲ್ಲ?"

"ಹೂಂ ಅವ್ವ. ಇಷ್ಟ ಇತ್ತು."

"ಹಂಗಾರ ಪಾಪ, ಡಾಕ್ಟರಿಗೇ ತಿಳೀಲಿಲ್ಲ ಬಿಡು." ಉಂಡೆಯನ್ನು ನನ್ನ ಅಂಗೈಯಲ್ಲಿಟ್ಟಳು. "ನೀ ತಿನ್ನು. ನನಗ ಇಳೀವಲ್ದು."

ಅವಳು ನೋಡುತ್ತಿದ್ದಳು. ಒಂದು ಅಗುಳೂ ಉದುರದಂತೆ ತಿಂದೆ.