ಅಪ್ಪನ ಪಾಲಿನ ಅರ್ಧ ಕಪ್ಪು ಚಹಾ

ಡಯಾಲಿಸಿಸ್ ಮೇಲಿರುವ ಅಪ್ಪನ ರಿಪೋರ್ಟನ್ನು ಬುದ್ಧಿಗೆಟ್ಟು ನೆಂಟರ ಗ್ರೂಪಿಗೆ ಹಾಕಿದೆ, ಗೆಳೆಯರೇ. ಮೈಯಲ್ಲಿ ನೀರು ತುಂಬಿ ಹೃದಯ ಹಿಗ್ಗಿದಾಗ ಏರುವ ಹಾರ್ಮೋನ್ ಅದರಲ್ಲಿ ವಿಪರೀತ ಏರಿತ್ತು. "ನೀರು, ಚಹಾ ಕಡಿಮಿ ಮಾಡ್ರಿ" ಎಂದಿದ್ದರು ಡಾಕ್ಟರು.

ಇವತ್ತು ಬೆಳಿಗ್ಗೆಯಿಂದ ಭಾಲ್ಕಿ, ಕಮಲನಗರದ ನೆಂಟರೆಲ್ಲ ಹೃದಯ ವಿಚಾರಿಸಲು ಬಂದರು. ಬಂದವರಿಗೆ ಚಹಾ. ಅಪ್ಪ ಕಪ್ಪು ಹಿಡಿಯದೆ ಯಾರೂ ತಮ್ಮದನ್ನು ಮುಟ್ಟುವುದಿಲ್ಲ. ಕೊನೆಗೆ ಔರಾದಿನಿಂದ ಅಪ್ಪನ ತಮ್ಮ ಬಂದರು.

"ಕಾಕಾ, ಅಪ್ಪಗ ಚಹಾ ಬ್ಯಾಡ್ರಿ."

"ಅಣ್ಣ ಕುಡೀಲಾರ್ದ ನಾ ಹ್ಯಾಂಗ ಕುಡೀಲಿ? ಅರ್ಧ ಕಪ್ಪಿಗಿ ಏನಾಗ್ತದವಾ?"

"ಬೆಳಿಗ್ಗಿಂದ ಇದು ಐದನೇ ಅರ್ಧ ಕಪ್ಪು ಅದರಿ!"

ಅಪ್ಪ ಆಗಲೇ ಕಪ್ಪು ಎತ್ತಿದ್ದರು. "ಮನಿಗಿ ಬಂದೋರಿಗಿ ಒಬ್ರೇ ಕುಡೀರಿ ಅಂತ ಹ್ಯಾಂಗ ಹೇಳ್ಲಿ?"

ಮಧ್ಯಾಹ್ನ ಡಯಾಲಿಸಿಸ್‌ಗೆ ಹೋದಾಗ ಅಪ್ಪನ ತೂಕ ನೋಡಿ ಸಿಸ್ಟರ್ ನನ್ನ ಮೇಲೆ ಹರಿಹಾಯ್ದರು: "ಇಷ್ಟ ನೀರು ಯಾರ್ ಕುಡಿಸ್ಯಾರ್ರಿ?"

"ಹಾರ್ಟ್ ಹ್ಯಾಂಗದ ಅಂತ ಕೇಳಾಕ ಬಂದೋರ್ರಿ" ಎಂದೆ.

ಮುಂದಿನ ವಾರ ಮತ್ತೆ ಅದೇ ಪರೀಕ್ಷೆ. ಹಾರ್ಮೋನ್ ಏರಿದ್ದರೆ ಗ್ರೂಪಿಗೆ ಹೇಳುವುದಿಲ್ಲ. ಇಳಿದಿದ್ದರಂತೂ ಹೇಳುವುದೇ ಇಲ್ಲ, ಖುಷಿಗೆ ಎಲ್ಲರೂ ಮತ್ತೆ ಚಹಾಕ್ಕೆ ಬಂದುಬಿಡುತ್ತಾರೆ.