ಗೇರ್ ಆಯಿಲ್ ಮೇಷ್ಟ್ರು

ಮಧುಗಿರಿಯ ಪ್ರಭುದೇವ್ ಮೇಷ್ಟ್ರು ಸಿಕ್ಕವರನ್ನೆಲ್ಲ ಕೇಳುತ್ತಿದ್ದದ್ದು ಒಂದೇ: "ಆಟೋಮ್ಯಾಟಿಕ್ ಕಾರಿಗೆ ಗೇರ್ ಆಯಿಲ್ ಎಷ್ಟು ಕಿಲೋಮೀಟರಿಗೆ ಬದಲಾಯಿಸ್ಬೇಕು?" ಅವರಿಗೆ ಕಾರು ಮಾರಿದವರು ಬದಲಿಸುವುದೇ ಬೇಡವೆಂದಿದ್ದರು. "ಅರವತ್ತು ಸಾವಿರಕ್ಕೆ ಬದಲಾಯಿಸ್ಬುಡಿ ಮೇಷ್ಟ್ರೇ" ಎಂದಿದ್ದ ಮೆಕ್ಯಾನಿಕ್ ಶಫೀವುಲ್ಲಾ. ಯಾರನ್ನು ನಂಬುವುದೆಂದು ತಿಳಿಯದೆ, ಮದುವೆಮನೆ, ಸಾವಿನಮನೆಗಳಲ್ಲೂ ಅದನ್ನೇ ಕೇಳುತ್ತ ಮೇಷ್ಟ್ರು ಆಯಿಲ್ ಬದಲಿಸದೆಯೇ ಕಾರನ್ನು ಲಕ್ಷ ಕಿಲೋಮೀಟರ್ ದಾಟಿಸಿದರು. ಮೊನ್ನೆ ಸಿದ್ದರಬೆಟ್ಟದ ಏರಿನಲ್ಲಿ ಇಂಜಿನ್ ಅರಚಿತು, ಚಕ್ರ ಮಾತ್ರ ತಿರುಗಲಿಲ್ಲ. ಶಫೀವುಲ್ಲಾ ಬಂದು ಆಯಿಲ್ ಮೂಸಿ ನೋಡಿದ. "ಸುಟ್ಟು ಕರ್ರಗಾಗೈತೆ. ಗೇರ್‌ಬಾಕ್ಸೇ ಹೋಯ್ತು, ಈ ಹಳೇ ಕಾರಿಗೆ ಇನ್ನೊಂದು ಸಿಗಾಕಿಲ್ಲ." ಮೇಷ್ಟ್ರ ಎಡಗಾಲನ್ನು ಚಿಕ್ಕಂದಿನಲ್ಲೇ ಪೋಲಿಯೋ ತಿಂದಿತ್ತು, ಎಡಗಾಲಲ್ಲಿ ಒತ್ತುವ ಕ್ಲಚ್ ಇಲ್ಲದ ಈ ಕಾರು ಬಂದ ಮೇಲೆಯೇ ಅವರು ಮೊದಲ ಸಲ ಒಬ್ಬರೇ ಊರು ದಾಟಿದ್ದು. "ಇಳೀರಿ ಮೇಷ್ಟ್ರೇ" ಎಂದು ಎಷ್ಟು ಕರೆದರೂ ಅವರು ಸ್ಟೇರಿಂಗ್ ಬಿಡಲಿಲ್ಲ. ಕೊನೆಗೆ ಶಫೀವುಲ್ಲಾ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.