ನಾಲ್ಕು ತಾಲೂಕಿನ ಮೆಣಸಿನ ಎಲೆ

ಚನ್ನಗಿರಿಯಲ್ಲಿ ಬಸ್ಸಿಳಿದಾಗ ಬಿಸಿಲು ಆಗಲೇ ಏರಿತ್ತು. ನನ್ನ ಕೈಯಲ್ಲಿ ಮಂಜುಗಡ್ಡೆ ತುಂಬಿದ ಥರ್ಮೋಕೋಲ್ ಡಬ್ಬಿ. ಮಹಿಳೆಯರ ಉಚಿತ ಟಿಕೆಟ್ ಕೊಡುವಾಗ ಕಂಡಕ್ಟರ್ "ಮೀನೇನ್ರಿ ಮೇಡಂ?" ಎಂದು ಕೇಳಿದ್ದರು. ಮೆಣಸಿನ ಎಲೆ ತರುವುದಕ್ಕೆ ಎಂದಾಗ ನಕ್ಕು ಮುಂದೆ ಹೋದರು.

ನಾನು ಬೆಳೆಗಳ ವೈರಸ್ ರೋಗಗಳ ಮೇಲೆ ಕೆಲಸ ಮಾಡುವವಳು. ಬಿಳಿ ನೊಣ ಹೊತ್ತು ತರುವ ವೈರಸ್ ತಗುಲಿದರೆ ಮೆಣಸಿನ ಎಲೆ ದೋಣಿಯಂತೆ ಮೇಲಕ್ಕೆ ಮುದುಡಿಕೊಳ್ಳುತ್ತದೆ, ಗಿಡ ಕುಳ್ಳಾಗುತ್ತದೆ. ರೈತರು ಇದನ್ನು ಮುಟುರು ರೋಗ ಎನ್ನುತ್ತಾರೆ. ಬಂದ ಮೇಲೆ ಔಷಧಿಯಿಲ್ಲ. ಆದರೆ ಗಿಡಕ್ಕೆ ತನ್ನದೇ ಒಂದು ಕಾವಲಿದೆ. ಅದರ ಜೀವಕೋಶಗಳಲ್ಲಿ ಹುಟ್ಟುವ ಪುಟ್ಟ ಆರ್‌ಎನ್‌ಎ ತುಣುಕುಗಳೇ ಆ ಕಾವಲು. ಪ್ರೋಟೀನ್ ಕಟ್ಟುವ ಸೂಚನೆ ಅವುಗಳಲ್ಲಿಲ್ಲ. ಅಂಥವನ್ನು ಒಂದು ಕಾಲಕ್ಕೆ ವಿಜ್ಞಾನಿಗಳು ಕೆಲಸಕ್ಕೆ ಬಾರದವೆಂದೇ ತಿಳಿದಿದ್ದರು. ವೈರಸ್ಸಿನ ಸಂದೇಶವನ್ನು ಗುರುತು ಹಿಡಿದು ತುಂಡರಿಸಲು ದಾರಿ ತೋರಿಸುವುದು ಅವೇ. ಈ ತುಣುಕುಗಳು ಹೇರಳವಾಗಿ ಹುಟ್ಟುವ ತಳಿಯೊಂದನ್ನು ನಾನು ವರ್ಷಗಟ್ಟಲೆ ಆರಿಸಿ ಬೆಳೆಸಿದ್ದೆ. ನಾಲ್ಕು ತಾಲೂಕಿನ ನಾಲ್ವರಿಗೆ ಸಸಿ ಕೊಟ್ಟಿದ್ದೆ. ಒಂದು ಹೊಲವಾದರೂ ಉಳಿದಿದ್ದರೆ ಮಾತ್ರ ಕೆಲಸ ಮುಂದುವರಿಯುತ್ತದೆ ಎಂದು ನಮ್ಮ ಮುಖ್ಯಸ್ಥರು ಹೇಳಿ ಕಳಿಸಿದ್ದರು.

ಉಬ್ರಾಣಿ ಕಡೆಯ ರುದ್ರಣ್ಣನವರ ಹೊಲಕ್ಕೆ ಆಟೋದಲ್ಲಿ ಹೋದೆ. ಬದುವಿನ ಮೇಲೆ ನಿಂತಾಗಲೇ ಗೊತ್ತಾಯಿತು. ಒಂದು ಗಿಡವೂ ನೆಟ್ಟಗಿರಲಿಲ್ಲ.

"ಸಂಕ್ರಾಂತಿ ತನಕ ಚೆನ್ನಾಗೇ ಇದ್ವು ರೀ. ಪಕ್ಕದೋರು ಟೊಮೇಟೊ ಕಿತ್ತು ಒಗೆದ್ರು ನೋಡ್ರಿ, ನೊಣ ಎಲ್ಲ ಹಿಂಡುಗಟ್ಟಿ ಇಲ್ಲಿಗೆ ಬಂದ್ವು" ಎಂದರು ರುದ್ರಣ್ಣ. ಮುದುಡಿದ ಎಲೆಗಳನ್ನೇ ಕೊಯ್ದು ಡಬ್ಬಿಯಲ್ಲಿಟ್ಟೆ.

ಬಸವಾಪಟ್ಟಣದ ಮೇಲೆ ಹಾದು ಸಂಜೆ ಹೊನ್ನಾಳಿ ಸೇರಿದೆ. ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ ಮಂಡಕ್ಕಿ, ಮಿರ್ಚಿ ಕೊಟ್ಟರು. ಮಿರ್ಚಿ ಮುಟ್ಟಲು ಮನಸ್ಸಾಗಲಿಲ್ಲ. ಬೆಳಿಗ್ಗೆ ಹನುಮಂತಪ್ಪನವರ ಹೊಲಕ್ಕೆ ಹೋದರೆ ಅಲ್ಲಿ ಗಿಡವೇ ಇರಲಿಲ್ಲ, ನೇಗಿಲು ಹೊಡೆದ ಮಣ್ಣಿತ್ತು.

"ಇಟ್ಕಂಡು ಏನು ಮಾಡಾಕೆ ಆಗ್ತೈತ್ರಿ? ನಿನ್ನ ಹೊಲದಿಂದ ನಮಗೂ ರೋಗ ಹಬ್ತೈತೆ ಅಂತ ಊರೋರು ಬೈಯಾಕೆ ಹತ್ತಿದ್ರು." ಹನುಮಂತಪ್ಪ ಚಹಾ ತರಿಸಿದರು. ಕುಡಿದು ಎದ್ದೆ.

ನ್ಯಾಮತಿ ಅಲ್ಲಿಂದ ದೂರವಿಲ್ಲ. ಸೂರಗೊಂಡನಕೊಪ್ಪದ ದಾರಿಯಲ್ಲಿ ಸೀತಾಬಾಯಿಯವರ ಹೊಲ. ಸಸಿ ಕೊಡುವಾಗ ಕಾವಲಿನ ವಿಷಯವನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡು ಕೇಳಿದ್ದವರು ಅವರು. ಈಗ ಮುರುಟಿದ ಸಾಲುಗಳ ನಡುವೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು.

"ಗಿಡದಾಗೆ ಕಾವಲುಗಾರರು ಅದಾರೆ ಅಂದಿದ್ರಲ್ಲ ಮೇಡಂ. ಎಲ್ಲಿ ಹೋದ್ರು?"

"ಇದ್ದಾರೆ ಸೀತಕ್ಕ. ಆದರೆ ಅವರನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನು ವೈರಸ್ಸಿನ ಹತ್ತಿರ ಇದೆ."

"ಅದು ಮೊದಲೇ ಗೊತ್ತಿತ್ತೇನು?"

"ಗೊತ್ತಿತ್ತು. ನಮ್ಮ ಗಿಡ ಗೆಲ್ಲುತ್ತದೆ ಅಂದುಕೊಂಡಿದ್ದೆ."

ಅವರು ಎಲೆ ಕೊಯ್ಯಲು ನೆರವಾದರು. ಬೈದಿದ್ದರೆ ಹಗುರಾಗುತ್ತಿತ್ತು.

ಉಳಿದದ್ದು ಜಗಳೂರು. ದಾವಣಗೆರೆಯಲ್ಲಿ ಉಳಿದು, ಹೊಸ ಮಂಜುಗಡ್ಡೆ ತುಂಬಿಸಿಕೊಂಡು, ಮರುದಿನ ಮೊದಲ ಬಸ್ಸು ಹಿಡಿದೆ. ನೀರಾವರಿ ಹೊಲಗಳು ಹಿಂದೆ ಸರಿದು ಕೆಂಪು ನೆಲ, ಜಾಲಿ, ಗಾಳಿಯಂತ್ರಗಳು ಬಂದವು. ಶಾರದಮ್ಮನವರ ಹೊಲ ರಸ್ತೆಯಿಂದಲೇ ಕಂಡಿತು: ಹಸಿರು, ಸಾಲಿಗೆ ಸಾಲು ಹಸಿರು. ಬಸ್ಸಿಳಿದವಳೇ ಹೆಚ್ಚುಕಡಿಮೆ ಓಡಿದೆ.

"ಬರ್ರಿ ಮೇಡಂ, ನೋಡ್ರಿ ನಿಮ್ಮ ಗಿಡ" ಎಂದರು ಶಾರದಮ್ಮ. ಮಾತಿನಲ್ಲಿ ಅವಸರವಿತ್ತು.

ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತೆ. ನಮ್ಮ ತಳಿಯ ಗೆಣ್ಣಿನಲ್ಲಿ ನೇರಳೆ ಬಣ್ಣ ಇರುತ್ತದೆ. ಈ ಗಿಡದಲ್ಲಿ ಇರಲಿಲ್ಲ. ಪಕ್ಕದ ಗಿಡದಲ್ಲೂ ಇಲ್ಲ. ವಯಸ್ಸೂ ಸಣ್ಣದು, ಮೊನ್ನೆ ಮೊನ್ನೆ ನೆಟ್ಟು ಬೇರು ಹಿಡಿದವು. ತಲೆಯೆತ್ತಿ ನೋಡಿದೆ. ಶಾರದಮ್ಮ ಬೇರೆ ಕಡೆ ನೋಡುತ್ತಿದ್ದರು.

"ನಿಮ್ಮವು ಹೋದ್ವು ರೀ. ಎಲ್ಲಾ ಹೋದ್ವು" ಎಂದರು. "ಬರ್ತೀನಿ ಅಂತ ನೀವು ಫೋನ್ ಮಾಡಿದ್ರಿ. ಅಷ್ಟು ದೂರದಿಂದ ಬರ್ತೀರಿ, ಒಣಗಿದ ಹೊಲ ಹೆಂಗೆ ತೋರಿಸಲಿ? ನರ್ಸರಿಯಿಂದ ಬೇರೆ ಸಸಿ ತಂದು ಇಟ್ಟೆ. ತಪ್ಪು ತಿಳ್ಕಬ್ಯಾಡ್ರಿ."

ಸುಮ್ಮನೆ ಒಂದು ಎಲೆ ಮಗುಚಿದೆ. ಕೆಳಗಿನಿಂದ ಬಿಳಿ ನೊಣಗಳು ಹಿಟ್ಟು ಊದಿದಂತೆ ಎದ್ದವು. ತುದಿಯ ಎಳೆ ಚಿಗುರು ಆಗಲೇ ಮೇಲಕ್ಕೆ ಮಡಿಚಿಕೊಳ್ಳುತ್ತಿತ್ತು. ಅವರನ್ನು ಕರೆದು ತೋರಿಸಿದೆ.

"ಇವಕ್ಕೂ ಬಂದೈತಾ?"

"ಬಂದಿದೆ. ಈಗಲೇ ಕಿತ್ತುಬಿಟ್ಟರೆ ಒಳ್ಳೆಯದು."

ಶಾರದಮ್ಮ ಸಾಲುಗಳನ್ನು ನೋಡಿದರು. "ಇವತ್ತು ಬ್ಯಾಡ್ರಿ" ಎಂದರು. "ಇನ್ನೊಂದು ನಾಕು ದಿನ ಹಸಿರು ಇರಲಿ."

ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ರಸ್ತೆಯವರೆಗೂ ಬಂದರು. ಹೊಸ ಸಸಿ ಯಾವಾಗ ತರ್ತೀರಿ ಎಂದು ಅವರು ಕೇಳಲಿಲ್ಲ. ಒಂದು ಹೊಲವೂ ಉಳಿದಿರಲಿಲ್ಲ, ಇನ್ನು ತರುವಂತಿರಲಿಲ್ಲ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಿರುಗಿ ನೋಡಿದೆ. ಹೊಲ ಹಸಿರಾಗಿಯೇ ಕಾಣುತ್ತಿತ್ತು. ಅಷ್ಟು ದೂರಕ್ಕೆ ಎಲೆ ಕಾಣುವುದಿಲ್ಲ.